ಕೋಳಿಗೆ ಕತ್ತಲೂ ಬೇಕು

ಕಾರ್ಖಾನೆಗಳ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಶುರುವಾಯಿತೆಂದರೆ ಜಮಖಂಡಿ, ಮುಧೋಳ, ಬೀಳಗಿ ಕಡೆಯ ತೋಟದ ಮನೆಗಳಲ್ಲಿ ಒಂದು ದೂರು ಕೇಳಿಬರುತ್ತದೆ: ‘ಕೋಳಿ ತತ್ತಿ ಇಡೂದು ಕಡಿಮಿ ಮಾಡ್ಯಾವ್ರೀ.’ ಕಾಳು ಅದೇ, ನೀರು ಅದೇ, ರೋಗವೂ ಇಲ್ಲ. ಕಡಿಮೆಯಾಗಿರುವುದು ಹಗಲು. ನಮ್ಮ ಸೀಮೆಯಲ್ಲಿ ಜೂನ್ ತಿಂಗಳ ಹಗಲು 13 ತಾಸು ದಾಟಿದರೆ, ಡಿಸೆಂಬರಿನದು 11 ತಾಸಿನ ಆಸುಪಾಸು. ಕೆಲಸದ ಗಡಿಬಿಡಿಯಲ್ಲಿ ನಮಗೆ ಇದು ಗಮನಕ್ಕೆ ಬರುವುದಿಲ್ಲ. ಕೋಳಿಗೆ ಬರುತ್ತದೆ.

ಬರುವುದು ಕಣ್ಣಿನಿಂದ ಮಾತ್ರವಲ್ಲ ಎಂಬುದೇ ಸೋಜಿಗ. ಫ್ರಾನ್ಸಿನ ಜಾಕ್ ಬೆನ್ವಾ 1930ರ ದಶಕದಲ್ಲಿ ಕಣ್ಣಿಲ್ಲದ ಬಾತುಕೋಳಿಗಳಿಗೆ ಬೆಳಕು ಹಾಯಿಸಿ ನೋಡಿದರು. ಅವೂ ಬೆದೆಗೆ ಬಂದವು. ಬೆಳಕು ತಲೆಬುರುಡೆಯನ್ನು ತೂರಿ ಮಿದುಳನ್ನು ಮುಟ್ಟುತ್ತದೆ. ಕೆಂಪು ಛಾಯೆಯದು ಹೆಚ್ಚು ಆಳಕ್ಕೆ ಇಳಿಯುತ್ತದೆ. ಶೆಡ್ಡಿಗೆ ಕಣ್ಣು ಕುಕ್ಕುವ ಬಿಳಿ ಎಲ್‌ಇಡಿಗಿಂತ ಕೆಂಪಿನ ಪಾಲು ಹೆಚ್ಚಿರುವ ಹಳದಿ ಬೆಳಕಿನದೇ ವಾಸಿ ಎನ್ನುವುದು ಇದಕ್ಕೇ. ಮೇವಿನ ತೊಟ್ಟಿಯ ಬಳಿ ಪೇಪರು ಓದುವಷ್ಟು ಬೆಳಕಿದ್ದರೆ ಸಾಕು.

ತತ್ತಿಯ ಕೋಳಿಗೆ ದಿನಕ್ಕೆ 15–16 ತಾಸು ಬೆಳಕು ಬೇಕು. ಹಾಗಂತ ಒಮ್ಮೆಲೇ ಅಷ್ಟು ಕೊಡುವುದಲ್ಲ. ಮೊದಲ ತತ್ತಿಯ ಹೊತ್ತಿಗೆ ಆರಂಭಿಸಿ ವಾರಕ್ಕೆ ಅರ್ಧ ತಾಸಿನಂತೆ ಏರಿಸಬೇಕು, ಏರಿಸಿದ್ದನ್ನು ಇಳಿಸಬಾರದು. ಬೆಳೆಯುವ ಮರಿಗಳಿಗೆ ಏರಿಸಲೇಬಾರದು, ಬೇಗ ಸಣ್ಣ ತತ್ತಿ ಇಡಹೋಗಿ ಮೈ ಕೆಡಿಸಿಕೊಳ್ಳುತ್ತವೆ. ಬಲ್ಬು ಸಂಜೆಗಿಂತ ನಸುಕಿನಲ್ಲಿ ಉರಿಯುವುದು ಒಳ್ಳೆಯದು. ಚಳಿಗಾಲದಲ್ಲಿ ಮೂರು ಗಂಟೆಗೆ ಹಚ್ಚಿದರೆ ಸೂರ್ಯ ಮುಳುಗುವ ಆರರ ಹೊತ್ತಿಗೆ 15 ತಾಸು ತುಂಬಿತು. ಸಂಜೆ ಹಚ್ಚಿದ ದೀಪ ರಾತ್ರಿ ತಟ್ಟನೆ ಆರಿದರೆ ಅಡ್ಡೆಗೆ ಏರದ ಕೋಳಿಗಳು ಕತ್ತಲಲ್ಲಿ ನೆಲದ ಮೇಲೆಯೇ ಒಂದರ ಮೇಲೊಂದು ಬೀಳುತ್ತವೆ.

ತೊಡಕಿರುವುದು ಕರೆಂಟಿನಲ್ಲಿ. ಹೊಲದ ಲೈನಿಗೆ ತ್ರೀ ಫೇಸ್ ಬರುವುದು ಪಾಳಿಯಲ್ಲಿ. ಪಂಪ್‌ಸೆಟ್ಟಿನ ಜೊತೆಗೇ ಬಲ್ಬು ಕಟ್ಟಿದರೆ ಮೋಟರು ತಿರುಗಿದಾಗ ಕೋಳಿಗೆ ಬೆಳಗಾಗುತ್ತದೆ! ಟೈಮರ್ ಹಾಕಿದವರಿಗೂ ಒಂದು ಮಾತು: ಚಕ್ರ ತಿರುಗಿಸುವ ಟೈಮರು ಕರೆಂಟು ಹೋದಷ್ಟು ಹೊತ್ತು ತಾನೂ ನಿಂತು ಹಿಂದೆ ಬೀಳುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರನ್ನೇ ತನ್ನಿ.

ಇನ್ನು ಕತ್ತಲ ವಿಷಯ. ತತ್ತಿಯ ಚಿಪ್ಪು ಕಟ್ಟಲು ಸುಮಾರು 20 ತಾಸು. ಅದರ ಬಹುಪಾಲು ನಡೆಯುವುದು ರಾತ್ರಿ. ಒಂದು ಚಿಪ್ಪಿಗೆ ಎರಡು ಗ್ರಾಮಿನಷ್ಟು ಸುಣ್ಣಾಂಶ ಬೇಕು. ಹೊಟ್ಟೆಯಲ್ಲಿ ಸಾಲದಿದ್ದರೆ ಕೋಳಿ ತನ್ನ ಎಲುಬಿನಿಂದಲೇ ತೆಗೆದು ಕೊಡುತ್ತದೆ. ಹೊಟ್ಟೆಗೆ ಹಾಕದೆ ಬೆಳಕಷ್ಟೇ ಏರಿಸುವುದೆಂದರೆ ಎಲುಬು ಸವೆಸಿದಂತೆ. ಇಪ್ಪತ್ನಾಲ್ಕು ತಾಸೂ ಉರಿಸುವವರಿಗಂತೂ ಏನು ಹೇಳುವುದು? ರಬಕವಿ-ಬನಹಟ್ಟಿಯ ಮಗ್ಗಗಳ ರಾತ್ರಿಪಾಳಿ ನೆನಪಾಗುತ್ತದೆ. ಟ್ಯೂಬ್‌ಲೈಟಿನ ಕೆಳಗೆ ನಿಂತು ಸೀರೆ ನೇಯುವವರ ಕತ್ತಲಿನ ಲೆಕ್ಕವನ್ನು ಯಾವ ಕೈಪಿಡಿಯೂ ಬರೆದಿಲ್ಲ.

ಹಿತ್ತಲಲ್ಲಿ ನಾಲ್ಕಾರು ಜವಾರಿ ಕೋಳಿ ಬಿಟ್ಟುಕೊಂಡವರಿಗೆ ಈ ಯಾವ ಉಸಾಬರಿಯೂ ಬೇಡ. ಅದು ಹತ್ತು-ಹದಿನೈದು ತತ್ತಿಯಿಟ್ಟು ಕಾವಿಗೆ ಕೂರುವ ಜಾತಿ. ಬಲ್ಬಿನಿಂದ ಸಿಗುವುದು ಅಷ್ಟಕ್ಕಷ್ಟೇ. ಬಲ್ಬಿನ ದುಡ್ಡಿಗೆ ಒಂದಿಷ್ಟು ಮೆಕ್ಕೆಜೋಳದ ನುಚ್ಚು, ಒಂದಿಷ್ಟು ಸುಣ್ಣದ ಚಿಪ್ಪಿನ ಪುಡಿ ತಂದು ಹಾಕಿ.