ರೋಗಿಯಾದ ಬಾಲಕನೂ ಮನೆಯ ಕಾವಲೂ

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಮೊದಲನೆಯ ವಿಧದ ಮಧುಮೇಹದಲ್ಲಿ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ರಸವನ್ನು ಉತ್ಪತ್ತಿಮಾಡುವ ಶಕ್ತಿಯನ್ನು ಕಳೆದುಕೊಳ್ಳುವುದು. 1922ನೆಯ ಇಸವಿಯ ಜನವರಿಯಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಹದಿನಾಲ್ಕು ವರ್ಷದ ಬಾಲಕನಿಗೆ ಆ ಔಷಧವನ್ನು ಮೊದಲು ಚುಚ್ಚುವವರೆಗೂ ಈ ರೋಗವೆಂದರೆ ಮೃತ್ಯುವೇ ಆಗಿದ್ದಿತು. ಈಗ ಮಗುವು ಬದುಕುವುದು. ಆದರೆ ದಿನಕ್ಕೆ ಹಲವು ಬಾರಿ ರಕ್ತದ ಸಕ್ಕರೆಯನ್ನು ಅಳೆದು ಔಷಧದ ಪ್ರಮಾಣವನ್ನು ನಿಶ್ಚಯಿಸುವ ಭಾರವು ಮನೆಯವರ ಮೇಲೆ ಬಿದ್ದಿರುವುದು. ಬೆರಳು ಚುಚ್ಚಿ ನೋಡುವುದು ಒಂದು ಕ್ರಮ. ತೋಳಿಗೆ ಅಂಟಿಸಿದ ಸೆನ್ಸರು ಕೆಲವು ನಿಮಿಷಗಳಿಗೊಮ್ಮೆ ಅಂಕಿಯನ್ನು ಮೊಬೈಲಿಗೆ ಕಳುಹಿಸುವುದು ಇನ್ನೊಂದು. ಬಬ್ಬೂರಿನ ಮನೆಯಲ್ಲಿರುವ ತಾಯಿಯು ಹಿರಿಯೂರಿನ ಶಾಲೆಯಲ್ಲಿ ಕುಳಿತ ಮಗನ ಸಕ್ಕರೆಯನ್ನು ಕಾಣಬಹುದು. ಈ ನೋಟವು ರಕ್ಷಣೆಯೋ, ಪಹರೆಯೋ ಎಂಬುದೇ ಇಲ್ಲಿಯ ಧರ್ಮಪ್ರಶ್ನೆ.

ಚರಕಸಂಹಿತೆಯು ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳಿರುವುದಷ್ಟೆ. ರೋಗಿಯು ಅವುಗಳಲ್ಲಿ ಒಂದು ಪಾದವೇ ಹೊರತು ಬರಿಯ ಚಿಕಿತ್ಸೆಯ ವಸ್ತುವಲ್ಲ. ಅವನಿಗೆ ಬೇಕಾದ ಗುಣಗಳಲ್ಲಿ ನಿರ್ಭಯತೆಯೂ, ತನ್ನ ಅವಸ್ಥೆಯನ್ನು ತಿಳಿಸುವ ಸಾಮರ್ಥ್ಯವೂ ಸೇರಿವೆ. ಇವೆರಡಕ್ಕೂ ಸಂಬಂಧವುಂಟು, ಭಯವಿದ್ದಲ್ಲಿ ಸತ್ಯವು ಬಾಯಿಗೆ ಬಾರದು. “250 ಏಕಾಯಿತು? ಏನು ಕದ್ದು ತಿಂದೆ?” ಎಂದು ಪ್ರತಿದಿನವೂ ಗದರಿಸಿಕೊಂಡ ಬಾಲಕನು ಮರುದಿನ ಪುಸ್ತಕದಲ್ಲಿ 120 ಎಂದು ಬರೆಯುವನು. ಜ್ವರದಿಂದಲೂ ಚಿಂತೆಯಿಂದಲೂ ಬೆಳೆಯುವ ವಯಸ್ಸಿನ ದೇಹಧರ್ಮದಿಂದಲೂ ಸಕ್ಕರೆಯು ಏರಬಹುದೆಂಬುದನ್ನು ಗದರಿಸುವವರು ಮರೆಯುವರು. ಸುಳ್ಳು ಅಂಕಿಯನ್ನು ನಂಬಿ ವೈದ್ಯರು ಪ್ರಮಾಣವನ್ನು ನಿರ್ಣಯಿಸಿದರೆ ಕೇಡು ಯಾರಿಗೆ?

ನಮ್ಮ ಮಾರಿಕಣಿವೆಯ ಜಲಾಶಯವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ನಡುವಣ ಬರಗಾಲಗಳಲ್ಲಿ ನೀರಿನ ಮಟ್ಟವನ್ನು ಅಡಿಗಳಲ್ಲಿ ಎಣಿಸಿದವರು ಅಣೆಕಟ್ಟನ್ನು ಬೈಯಲಿಲ್ಲ. ಎಷ್ಟಿದೆ, ಏಕೆ ಇಳಿಯಿತು, ಮುಂದೇನು ಎಂದು ಯೋಚಿಸಿದರು. ಅಳತೆಯ ಪ್ರಯೋಜನವು ಅಷ್ಟೇ. ಮಗುವಿನ ಅಂಕಿಯನ್ನೂ ಹೀಗೆಯೇ ಓದತಕ್ಕದ್ದು. ಅದು ನಡತೆಗೆ ಕೊಟ್ಟ ಮಾರ್ಕಲ್ಲ.

“ಹುಡುಗನು ನಿಜವಾಗಿಯೂ ಅಲಕ್ಷ್ಯಮಾಡಿದರೆ?” ಎಂದು ಕೇಳಬಹುದು. ಈ ಆಕ್ಷೇಪಣೆಯು ಹಗುರವಾದುದಲ್ಲ. ಇನ್ಸುಲಿನ್ ತಪ್ಪಿದರೆ ರಕ್ತದಲ್ಲಿ ಆಮ್ಲವು ಹೆಚ್ಚಿ ಪ್ರಾಣಾಪಾಯವಾದೀತು. ಸಕ್ಕರೆಯು 70ಕ್ಕಿಂತ ಕೆಳಗಿಳಿದರೆ ಬೆವರು, ನಡುಕಗಳು ತೋರುವುವು. ಇನ್ನೂ ಇಳಿದರೆ ಎಚ್ಚರವೇ ತಪ್ಪೀತು. ಆದುದರಿಂದ ಎಳೆಯ ಮಗುವಿಗೆ ಪೂರ್ಣ ಕಾವಲು ಬೇಕು. ಆದರೆ ಈ ರೋಗವು ಜೀವನಪರ್ಯಂತದ್ದು. ತಾಯಿಯ ಕಣ್ಣು ಜೀವನಪರ್ಯಂತ ಇರಲಾರದು. ಕಾವಲನ್ನು ವರ್ಷವರ್ಷಕ್ಕೂ ಸ್ವಲ್ಪಸ್ವಲ್ಪವಾಗಿ ಮಗನ ಕೈಗೇ ಒಪ್ಪಿಸುತ್ತ ಬರಬೇಕು. ರಾತ್ರಿಯ ಅಪಾಯದ ಸೂಚನೆಯು ಹಿರಿಯರಿಗೂ ಬರಲಿ. ಹಗಲಿನ ಲೆಕ್ಕವನ್ನು ಅವನೇ ಹೇಳಲಿ, ಅವರು ಸಮಾಧಾನದಿಂದ ಕೇಳಲಿ. ಈ ಒಪ್ಪಂದವನ್ನು ಅವನೊಡನೆ ಕುಳಿತು, ವೈದ್ಯರ ಸಮ್ಮತಿಯಿಂದ ಮಾಡಿಕೊಳ್ಳುವುದು ಯುಕ್ತ.

ಯಂತ್ರವು ಎಷ್ಟು ಸೂಕ್ಷ್ಮವಾದರೂ ಅಂಕಿಯನ್ನು ಮಾತ್ರ ತಂದುಕೊಡುವುದು. “ಅಮ್ಮಾ, ಇಂದು ಮರೆತೆ” ಎಂದು ಮಗನು ತಾನಾಗಿ ಬಂದು ಹೇಳುವ ಧೈರ್ಯವನ್ನು ಮನೆಯೇ ಬೆಳೆಸಬೇಕು. ಆ ಧೈರ್ಯವನ್ನು ಬೆಳೆಸುವ ನೋಟವು ರಕ್ಷಣೆ. ಅದನ್ನು ಕೊಲ್ಲುವ ನೋಟವು ಎಷ್ಟು ಪ್ರೀತಿಯಿಂದ ಕೂಡಿದ್ದರೂ ಪಹರೆಯೇ ಸರಿ.