ಬೇಟೆಯೂ ಬಿಡುವೂ

ಬೇಟೆ ಸರಿಯೆ, ತಪ್ಪೆ ಎಂಬ ಪ್ರಶ್ನೆ ನಮ್ಮಲ್ಲಿ ಹೊಸದೇನೂ ಅಲ್ಲ. ಧರ್ಮಶಾಸ್ತ್ರಕಾರರು ಅದನ್ನು ರಾಜರ ವ್ಯಸನಗಳ ಸಾಲಿನಲ್ಲಿ, ಜೂಜು ಮದ್ಯಪಾನಗಳ ಪಕ್ಕದಲ್ಲಿ ಕೂರಿಸಿದರು. ಕೌಟಿಲ್ಯ ಮಾತ್ರ ಸ್ವಲ್ಪ ರಿಯಾಯಿತಿ ತೋರಿಸಿದ. ಜೂಜಿಗಿಂತ ಬೇಟೆ ವಾಸಿ. ಅದರಿಂದ ಮೈಯ ಕೊಬ್ಬು ಕರಗುತ್ತದೆ, ಓಡುವ ಗುರಿಗೆ ಹೊಡೆಯುವ ಅಭ್ಯಾಸವಾಗುತ್ತದೆ ಎಂದು ಆತನ ವಾದ. ಕಾಳಿದಾಸನ ಶಾಕುಂತಲದ ಸೇನಾಪತಿ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಇವೆಲ್ಲ ಬೇಟೆಗಾರನ ಕಡೆಯ ಲೆಕ್ಕ. ಸತ್ತವರ ಕಡೆಯ ಲೆಕ್ಕವನ್ನು ಕೇಳಿದವು ನಮ್ಮ ಮಹಾಕಾವ್ಯಗಳು. ದಶರಥನ ಪುತ್ರಶೋಕಕ್ಕೂ ಪಾಂಡುವಿನ ಶಾಪಕ್ಕೂ ಮೂಲ ಒಂದೊಂದು ಬೇಟೆಯೇ ಅಲ್ಲವೆ?

ಚಿತ್ರದುರ್ಗದ ಸೀಮೆಯಲ್ಲಿ ನಿಂತು ನೋಡಿದರೆ ಬೇಟೆಯಲ್ಲಿ ಮೂರು ಬಗೆ ಕಾಣುತ್ತವೆ. ಮೊದಲನೆಯದು ಹೊಟ್ಟೆಯ ಬೇಟೆ. 1779ರಲ್ಲಿ ಹೈದರಾಲಿಯ ವಶವಾಗುವವರೆಗೆ ದುರ್ಗವನ್ನಾಳಿದ ನಾಯಕರು ಬೇಡ ಕುಲದವರು. ಆ ಕುಲದ ಹಿಂದಿನವರಿಗೆ ಬೇಟೆ ವಿನೋದವಾಗಿರಲಿಲ್ಲ, ಬದುಕಾಗಿತ್ತು. ಎರಡನೆಯದು ರಕ್ಷಣೆಯ ಬೇಟೆ. ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಹೊಸದುರ್ಗ ಹೊಳಲ್ಕೆರೆಗಳ ನರಭಕ್ಷಕ ಹುಲಿಯ ಕಥೆಯನ್ನು ಬರೆದಿದ್ದಾನೆ. ಆಂಡರ್ಸನ್ನನ ಬೇಟೆಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದುಕೊಟ್ಟರು. ಅವನ್ನು ಉಸಿರು ಬಿಗಿಹಿಡಿದು ಓದದ ಕನ್ನಡಿಗರು ಕಡಿಮೆ. ಮನುಷ್ಯರನ್ನು ತಿನ್ನುವ ಹುಲಿಯನ್ನು ಕೊಂದವನನ್ನು ಯಾವ ಊರೂ ಪಾಪಿಯೆನ್ನಲಿಲ್ಲ.

ನನ್ನನ್ನು ಕಾಡುವುದು ಮೂರನೆಯದಾದ ಬಿಡುವಿನ ಬೇಟೆ. ಇದರ ವೈಭವವನ್ನು ಕಾಣಬೇಕಾದರೆ ದುರ್ಗದಿಂದ ಮೈಸೂರಿನ ದಕ್ಷಿಣದ ಕಾಡುಗಳಿಗೆ ಹೋಗಬೇಕು. ಬಂಡೀಪುರ, ಕಾಕನಕೋಟೆಗಳು ಮಹಾರಾಜರ ಬೇಟೆಯ ಕಾಡುಗಳಾಗಿದ್ದವು. ಕಪಿಲೆಯ ದಡದ ಕಾರಾಪುರದಲ್ಲಿ ಅವರ ಬಂಗಲೆ; ವೈಸರಾಯರಂಥ ಅತಿಥಿಗಳಿಗೆ ಅಲ್ಲಿ ಆತಿಥ್ಯ. ಇಂಥ ಬೇಟೆಯಲ್ಲಿ ಅತಿಥಿ ಅಟ್ಟಣೆಯ ಮೇಲೆ ಕೋವಿ ಹಿಡಿದು ಕೂರುತ್ತಾನೆ. ತಮಟೆ ಬಡಿದು, ಬೊಬ್ಬೆ ಹಾಕಿ, ಪೊದೆಯಿಂದ ಹುಲಿಯನ್ನು ಎಬ್ಬಿಸುವವರು ಹಳ್ಳಿಯ ಜನ, ಅದೂ ಬರಿಗಾಲಿನಲ್ಲಿ. ಅಪಾಯ ಅವರದು, ಚರ್ಮ ಅತಿಥಿಯದು. ಕೊಲ್ಲುವುದು ಪಾಪವೆಂಬ ಮಾತು ಹಾಗಿರಲಿ. ಹೊಟ್ಟೆಗಾಗಿ ಕೊಲ್ಲುವವನೂ ಕೊಲ್ಲುತ್ತಾನೆ. ಒಬ್ಬನ ನಾಲ್ಕು ದಿನದ ಬೇಸರ ಕಳೆಯಲು ಇನ್ನೊಂದು ಜೀವ, ಇನ್ನೊಬ್ಬನ ಪ್ರಾಣಭಯ ಸಾಮಗ್ರಿಯಾಗುತ್ತದಲ್ಲ, ಆ ಬೇಟೆಯ ದೋಷವಿರುವುದು ಅಲ್ಲಿ ಎಂದು ನನಗೆ ತೋರುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಆ ಕಾಲಕ್ಕೆ ತೆರೆ ಎಳೆಯಿತು. ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಕಾರಾಪುರದ ಬಂಗಲೆ ಈಗ ಸರ್ಕಾರಿ ಸಂಸ್ಥೆಯೊಂದರ ವಿಹಾರಧಾಮ. ಕೋವಿ ಹಿಡಿದವರು ಇಳಿದುಕೊಳ್ಳುತ್ತಿದ್ದಲ್ಲಿ ಕ್ಯಾಮೆರಾ ಹಿಡಿದವರು ಇಳಿದುಕೊಳ್ಳುತ್ತಾರೆ. ನಮ್ಮ ಚಿತ್ರದುರ್ಗದ ಜೋಗಿಮಟ್ಟಿಯೂ 2015ರಲ್ಲಿ ವನ್ಯಧಾಮವಾಯಿತು. ಇದೆಲ್ಲ ಒಳ್ಳೆಯದೇ. ಕೊಲ್ಲುವ ಸಂತೋಷಕ್ಕಿಂತ ನೋಡುವ ಸಂತೋಷ ಮೇಲು. ಇದರಲ್ಲಿ ಎರಡು ಮಾತಿಲ್ಲ.

ಆದರೆ ಮೂರನೆಯ ಬೇಟೆಯ ದೋಷವೆಂದು ಮೇಲೆ ಹೇಳಿದೆನಲ್ಲ, ಅದು ಪೂರಾ ತೊಲಗಿತೆ? ಹೊಸದುರ್ಗದ ಕಡೆಯ ಕುರಿಗಾಹಿಯೊಬ್ಬನ ಬಳಿ ಒಮ್ಮೆ ನಾನು ಚಿರತೆ ಉಳಿಯಬೇಕೆಂದು ದೊಡ್ಡ ಮಾತನಾಡುತ್ತಿದ್ದೆ. ಹಿಂದಿನ ವಾರವಷ್ಟೇ ಅವನ ರೊಪ್ಪಕ್ಕೆ ಚಿರತೆ ನುಗ್ಗಿತ್ತು. ಅವನು ಸಿಟ್ಟಾಗಲಿಲ್ಲ. “ಬದುಕ್ಲಿ ಸ್ವಾಮಿ, ಬ್ಯಾಡ ಅನ್ನಾಕೆ ನಾನ್ಯಾರು? ಆದ್ರೆ ಅದಕ್ಕೆ ಉಣ್ಣಾಕಿಕ್ಕೋನು ನಾನು, ಪುಣ್ಯ ನಿಮಗಾ?” ಎಂದ.

ನನ್ನಲ್ಲಿ ಉತ್ತರವಿರಲಿಲ್ಲ. ಜಾನುವಾರು ಸತ್ತರೆ ಸರ್ಕಾರದ ಪರಿಹಾರವುಂಟು, ನಿಜ. ಅದು ಸತ್ತ ಕುರಿಯ ಬೆಲೆ. ರಾತ್ರಿಯೆಲ್ಲ ಎದ್ದು ಕೂತ ಕಣ್ಣಿಗೆ, ಅರ್ಜಿ ಹಿಡಿದು ತಿರುಗಿ ಕಳೆದುಕೊಂಡ ಕೂಲಿಗೆ ಬೆಲೆ ಯಾರು ಕಟ್ಟುತ್ತಾರೆ? ಹಿಂದೆ ತಮಟೆ ಬಡಿದು ಹುಲಿ ಎಬ್ಬಿಸಿದವನ ಜಾಗದಲ್ಲಿ ಇಂದು ಈ ಕುರಿಗಾಹಿ ನಿಂತಿದ್ದಾನೆ. ಅಂದಿನ ಅತಿಥಿ ಏನೇ ಉದ್ದೇಶದಿಂದ ಬಂದಿರಲಿ, ಹೋಗುವಾಗ ಹಳ್ಳಿಗೆ ಒಂದು ಹುಲಿಯ ಭಯವನ್ನಾದರೂ ಕಡಿಮೆ ಮಾಡಿ ಹೋಗುತ್ತಿದ್ದ. ನಾವು ಚಿತ್ರ ತೆಗೆದುಕೊಂಡು, ಉಪದೇಶ ಬಿಟ್ಟು ಬರುತ್ತೇವೆ.

ಹಾಗಾದರೆ ಬೇಟೆ ಮರಳಿ ಬರಲಿ ಎನ್ನೋಣವೆ? ಎಂದಿಗೂ ಬೇಡ. ಇನ್ನೊಬ್ಬರ ಕೈಯಿಂದ ಖರ್ಚು ಮಾಡಿಸಿದ ದಾನವನ್ನು ನಮ್ಮ ಹಿರಿಯರು ದಾನವೆಂದು ಕರೆಯಲಿಲ್ಲ. ದಯೆಗೂ ಅದೇ ನಿಯಮ ಸಲ್ಲಬೇಕು. ಕಾಡು ನೋಡಲು ನಾವು ಕೊಡುವ ಶುಲ್ಕದಲ್ಲಿ ಮೊದಲ ಪಾಲು ಕಾಡಿನಂಚಿನ ರೊಪ್ಪಗಳಿಗೆ ಗಟ್ಟಿಯಾದ ಬೇಲಿ ಹಾಕಲು ಹೋಗಲಿ. ಪರಿಹಾರದ ಹಣ ಕುರಿಗಾಹಿಯ ಮನೆಬಾಗಿಲಿಗೆ ಬರಲಿ. ಅದಕ್ಕಾಗಿ ನಮ್ಮ ವಿಹಾರ ತುಸು ದುಬಾರಿಯಾದರೆ ಆಗಲಿ. ಚಿರತೆ ಬದುಕಬೇಕೆನ್ನುವ ನಮ್ಮ ಮಾತನ್ನು ಆ ಮನೆಯವರು ಅಲ್ಲಿಯವರೆಗೆ ನಂಬಬೇಕಾದ ಕಾರಣ ನನಗಂತೂ ಕಾಣುವುದಿಲ್ಲ.