ಸಿಟ್ಟಿಗೆ ವಿಳಾಸ ಗೊತ್ತು

ತಾಳ್ಮೆ ಮೀರಿ ಕೂಗಾಡಿದವನನ್ನು ಕುರಿತು ಇಂಗ್ಲಿಷಿನವರು ‘ಹಿಟ್ ದ ರೂಫ್’ ಎನ್ನುತ್ತಾರೆ. ಮನುಷ್ಯ ಹೋಗಿ ಚಾವಣಿಗೆ ಬಡಿದ ಎಂದು ಅದರ ಅರ್ಥ. ಸ್ವೀಡನ್ನಿನವರು ಅದನ್ನೇ ‘ಫ್ಲೀಗಾ ಇ ಟಾಕೆಟ್’ ಎನ್ನುತ್ತಾರೆ: ಚಾವಣಿಗೇ ಹಾರಿದ. ಮುಂಗೋಪಿಗೆ ಇಂಗ್ಲಿಷಿನಲ್ಲಿ ‘ಶಾರ್ಟ್ ಫ್ಯೂಸ್’ ಇದ್ದರೆ ಸ್ವೀಡಿಷಿನಲ್ಲಿ ‘ಕೊರ್ಟ್ ಸ್ಟುಬೀನ್’ ಇದೆ. ಎರಡೂ ಕಡೆ ಸಿಡಿಮದ್ದಿನ ಬತ್ತಿ ಗಿಡ್ಡ. ಇಂಗ್ಲಿಷಿನ ಸಿಡುಕ ‘ಫ್ಲೈ ಆಫ್ ದ ಹ್ಯಾಂಡಲ್’ ಆಗುತ್ತಾನೆ. ಕೊಡಲಿಯ ತಲೆ ಹಿಡಿಯಿಂದ ಕಳಚಿಕೊಂಡು ಹಾರಿದ ಚಿತ್ರ ಅದು. ಸ್ವೀಡನ್ನಿನ ಸಿಡುಕ ‘ಬ್ರೂಸಾ ಉಪ್’ ಮಾಡುತ್ತಾನೆ. ನೀರು ನೊರೆಗಟ್ಟಿ ಭೋರ್ಗರೆದು ಮೇಲೆದ್ದ ಚಿತ್ರ ಇದು.

ಈ ಮಾತುಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಇವುಗಳಲ್ಲಿ ಎಲ್ಲಿಯೂ ಮನುಷ್ಯ ತಾನಾಗಿ ಏನನ್ನೂ ಮಾಡುವುದಿಲ್ಲ. ಮದ್ದು ಸಿಡಿಯುತ್ತದೆ, ನೀರು ಉಕ್ಕುತ್ತದೆ, ಕೊಡಲಿ ಕಳಚುತ್ತದೆ. ನಮ್ಮ ಕನ್ನಡವೂ ಹೀಗೆಯೇ. ‘ನನಗೆ ಸಿಟ್ಟು ಬಂತು’ ಎನ್ನುತ್ತೇವೆ, ಜ್ವರ ಬಂದ ಹಾಗೆ. ಅದು ನೆತ್ತಿಗೇರುತ್ತದೆ, ಕೆಲವರಿಗೆ ಮೂಗಿನ ತುದಿಯಲ್ಲೇ ಇರುತ್ತದೆ. ಬರುವುದು, ಏರುವುದು, ಇಳಿಯುವುದು ಎಲ್ಲವೂ ಅದರದೇ ಇಷ್ಟ. ನಾವು ಅದಕ್ಕೆ ಸಿಕ್ಕಿಬಿದ್ದವರು ಅಷ್ಟೆ. ಆಮೇಲೆ ಹೇಳಲು ಒಂದು ಸಮಾಧಾನವೂ ಸಿದ್ಧವಾಗಿರುತ್ತದೆ: ‘ಏನು ಮಾಡಲಿ, ನನ್ನ ಸ್ವಭಾವವೇ ಹಾಗೆ.’

ಸ್ವಭಾವದ ಈ ನೆಪಕ್ಕೆ ಬಹಳ ಹಳೆಯ ಬೇರಿದೆ. ಯುರೋಪಿನ ವೈದ್ಯರು ಸುಮಾರು ಎರಡು ಸಾವಿರ ವರ್ಷ ಕಾಲ ನಂಬಿದ್ದು ದೇಹದ ನಾಲ್ಕು ರಸಗಳನ್ನು: ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ. ಗ್ರೀಕರ ಕಾಲದಲ್ಲಿ ಹುಟ್ಟಿದ ಈ ವಿಚಾರವನ್ನು ಎರಡನೆಯ ಶತಮಾನದ ಗ್ಯಾಲೆನ್ ಶಾಸ್ತ್ರವಾಗಿ ಕಟ್ಟಿದ. ಹಳದಿ ಪಿತ್ತ ಹೆಚ್ಚಾದವನು ಕೋಪಿಷ್ಠ ಎಂಬುದು ಅವರ ಲೆಕ್ಕ. ನಮ್ಮ ಆಯುರ್ವೇದವೂ ಪಿತ್ತ ಪ್ರಕೃತಿಯವರಿಗೆ ಬೇಗ ಕೋಪ ಬರುತ್ತದೆ ಎನ್ನುತ್ತದೆ. ‘ಪಿತ್ತ ನೆತ್ತಿಗೇರಿದೆ’ ಎಂಬ ಮಾತು ಇವತ್ತಿಗೂ ನಮ್ಮ ಮನೆಗಳಲ್ಲಿದೆ. ಸ್ವೀಡಿಷಿನಲ್ಲಿ ಕೋಪಿಷ್ಠನಿಗೆ ‘ಹೇಟ್‌ಲೇವ್ರಾಡ್’ ಎಂಬ ಹೆಸರು, ಅಂದರೆ ಯಕೃತ್ತು ಬಿಸಿಯಾದವನು. ಸಿಟ್ಟಿಗೆದ್ದರೆ ಅವರು ‘ಹ್ಯೂಮೋರ್’ ಕಳೆದುಕೊಳ್ಳುತ್ತಾರೆ. ಆ ಶಬ್ದ ಬಂದದ್ದು ಲ್ಯಾಟಿನ್ನಿನ ರಸವಾಚಕದಿಂದಲೇ. ರಸಗಳ ಶಾಸ್ತ್ರ ವೈದ್ಯಶಾಲೆಯಿಂದ ಹೊರಬಿದ್ದು ಬಹಳ ಕಾಲವಾಯಿತು. ಅದು ಕೊಟ್ಟ ನೆಪ ಮಾತ್ರ ನಾಲಿಗೆಯಲ್ಲಿ ಉಳಿದುಕೊಂಡಿದೆ.

ಇಂಗ್ಲಿಷರು ಸಿಟ್ಟಿಗೆದ್ದಾಗ ಕಳೆದುಕೊಳ್ಳುವುದು ‘ಟೆಂಪರ್’ ಅನ್ನು. ಲ್ಯಾಟಿನ್ನಿನಲ್ಲಿ ಅದರ ಮೂಲ ಅರ್ಥ ಹದವಾಗಿ ಬೆರೆಸುವುದು. ಕಮ್ಮಾರರಿಗೂ ಅದೇ ಶಬ್ದ. ಕೆಂಪಗೆ ಕಾಯಿಸಿದ ಉಕ್ಕನ್ನು ಒಮ್ಮೆಲೇ ನೀರಿಗೆ ಅದ್ದಿದರೆ ಅದು ಗಟ್ಟಿಯಾಗುತ್ತದೆ, ಆದರೆ ಪೆಟ್ಟು ಬಿದ್ದರೆ ಮುರಿಯುತ್ತದೆ. ಅದನ್ನೇ ಮತ್ತೊಮ್ಮೆ ಕಡಿಮೆ ಕಾವಿನಲ್ಲಿ ಕಾಯಿಸಿದಾಗ ಗಡಸು ಸ್ವಲ್ಪ ಇಳಿದು, ಪೆಟ್ಟು ತಾಳಿಕೊಳ್ಳುವ ಗುಣ ಬರುತ್ತದೆ. ಈ ಎರಡನೆಯ ಕಾಯಿಸುವಿಕೆಯೇ ಟೆಂಪರಿಂಗ್. ಹದ ಎಂಬುದು ಹುಟ್ಟಿನಿಂದ ಬಂದದ್ದಲ್ಲ, ಕೈಯಾರೆ ತಂದುಕೊಂಡದ್ದು ಎಂಬ ತಿಳಿವಳಿಕೆ ಆ ಶಬ್ದದೊಳಗೇ ಇತ್ತು. ಕಾಲ ಕಳೆದಂತೆ ಅದೇ ಶಬ್ದ ಬರಿಯ ಕೋಪಕ್ಕೂ ಹೆಸರಾಯಿತು.

ಗಿಡ್ಡ ಬತ್ತಿಯ ಮಾತನ್ನೂ ಹೀಗೆಯೇ ಬಿಡಿಸಿ ನೋಡಬೇಕು. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಗಣಿಗಳಲ್ಲಿ ಮದ್ದು ಹೇಳಿದ ಹೊತ್ತಿಗೆ ಸಿಡಿಯದೆ, ಕೆಲಸಗಾರರು ದೂರ ಸರಿಯುವ ಮೊದಲೇ ಸಿಡಿದು ಎಷ್ಟೋ ಜೀವಗಳು ಹೋಗುತ್ತಿದ್ದವು. ಅದನ್ನು ಕಂಡು ಮರುಗಿದ ವಿಲಿಯಂ ಬಿಕ್‌ಫರ್ಡ್ ಎಂಬಾತ 1831ರಲ್ಲಿ ಒಂದೇ ವೇಗದಲ್ಲಿ ಉರಿಯುವ ಬತ್ತಿಯನ್ನು ರೂಪಿಸಿದ. ನೂಲಿನ ಹೊಸೆತದ ನಡುವೆ ಮದ್ದಿನ ಪುಡಿ ತುಂಬಿದ ಹುರಿ ಅದು. ಬಿಕ್‌ಫರ್ಡನ ಬತ್ತಿಯಿಂದ ಆದ ಉಪಕಾರವೇನೆಂದರೆ, ಉದ್ದ ಎಷ್ಟಿರಬೇಕೆಂದು ಗಣಿಯವನು ಮೊದಲೇ ಲೆಕ್ಕ ಹಾಕಿ ಕತ್ತರಿಸಬಹುದಿತ್ತು. ಹತ್ತಿರ ಇದ್ದವರು ದೂರ ಹೋಗಲು ಬೇಕಾದಷ್ಟು ಹೊತ್ತನ್ನು ಆ ಉದ್ದ ಕೊಡುತ್ತಿತ್ತು. ಬತ್ತಿ ತಾನಾಗಿ ಗಿಡ್ಡವಾಗುವುದಿಲ್ಲ. ಯಾರೋ ಅದನ್ನು ಗಿಡ್ಡ ಕತ್ತರಿಸಿರುತ್ತಾರೆ.

ಹಾಗಾದರೆ ಸಿಟ್ಟಿನ ಬತ್ತಿಯನ್ನು ಕತ್ತರಿಸುವವರು ಯಾರು? ಇದಕ್ಕೆ ಉತ್ತರ ಕೊಡುವ ಮಾತೊಂದು ಸ್ವೀಡಿಷಿನಲ್ಲಿದೆ: ‘ಕ್ನೀಟಾ ನೇವೆನ್ ಇ ಫಿಕ್ಕನ್’. ಮುಷ್ಟಿ ಬಿಗಿದದ್ದು ಜೇಬಿನೊಳಗೆ. ಮೇಲಿನವನು ಅನ್ಯಾಯ ಮಾಡಿದ್ದಾನೆ, ಒಳಗೆ ಬೇಯುತ್ತಿದೆ, ಆದರೂ ಮುಷ್ಟಿ ಜೇಬಿನಿಂದ ಹೊರಗೆ ಬರುವುದಿಲ್ಲ. ಕನ್ನಡದ ಹಿರಿಯರು ‘ಬಡವನ ಕೋಪ ದವಡೆಗೆ ಮೂಲ’ ಎಂದದ್ದು ಇದೇ ಅನುಭವದಿಂದ. ಅವರೇ ಇನ್ನೊಂದನ್ನೂ ಹೇಳಿದರು: ‘ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ’. ಈ ಎರಡು ಗಾದೆಗಳನ್ನು ಜೋಡಿಸಿಕೊಂಡರೆ ಕೋಪದ ಇಡೀ ದಾರಿ ಕಾಣುತ್ತದೆ. ಮೇಲಕ್ಕೆ ಹೋಗಲಾರದ ಸಿಟ್ಟು ಕೆಳಕ್ಕೆ ಇಳಿಯುತ್ತದೆ. ಅತ್ತೆಗೆ ತಿರುಗಿ ಹೇಳಲಾಗದ ಮಾತು ಬಾಯಿಲ್ಲದ ಬೆಕ್ಕಿನ ಬೆನ್ನಿಗೆ ಬೀಳುತ್ತದೆ.

ಬೆಳಿಗ್ಗೆ ಕಚೇರಿಯಲ್ಲಿ ಮೇಲಧಿಕಾರಿ ಎಲ್ಲರೆದುರು ಹೀಯಾಳಿಸಿದಾಗ ‘ಆಗಲಿ ಸಾರ್’ ಎಂದು ತಲೆಯಾಡಿಸಿದವನೇ ಸಂಜೆ ಮಗ ಲೋಟ ಉರುಳಿಸಿದ್ದಕ್ಕೆ ಕೈ ಎತ್ತುತ್ತಾನೆ. ಬೆಳಿಗ್ಗೆ ಅವನ ಪಿತ್ತ ತಣ್ಣಗಿತ್ತೇ? ಅವಮಾನ ದೊಡ್ಡದೋ, ಚೆಲ್ಲಿದ ಹಾಲು ದೊಡ್ಡದೋ? ಸಾಹುಕಾರರ ಎದುರು ಮೆಲ್ಲಗಾಗುವ ದನಿ ಮನೆಗೆಲಸದಾಕೆಯ ಎದುರು ಏರುತ್ತದೆ. ಪೊಲೀಸರು ಗಾಡಿ ನಿಲ್ಲಿಸಿದಾಗ ಬಾರದ ಆವೇಶ ಆಟೊದವನ ಮೇಲೆ, ಹೋಟೆಲಿನ ಮಾಣಿಯ ಮೇಲೆ ಬರುತ್ತದೆ. ಕೋಪಕ್ಕೆ ಕಣ್ಣಿಲ್ಲ ಎನ್ನುವುದು ಸುಳ್ಳು. ಅದು ಎದುರಿಗೆ ನಿಂತವರ ಅಂತಸ್ತು ನೋಡುತ್ತದೆ, ಅವರು ತಿರುಗಿ ಏನು ಮಾಡಬಲ್ಲರು ಎಂದು ಕ್ಷಣದಲ್ಲಿ ತೂಗುತ್ತದೆ. ಅದಕ್ಕೆ ವಿಳಾಸ ಚೆನ್ನಾಗಿ ಗೊತ್ತು. ಒಬ್ಬರ ಮುಂದೆ ಅದನ್ನು ಹಿಡಿದಿಡಬಲ್ಲವನು ಇನ್ನೊಬ್ಬರ ಮುಂದೆ ಬಿಟ್ಟನೆಂದರೆ, ಬಿಟ್ಟವನು ಅವನೇ.

ಎಲ್ಲ ಸಿಟ್ಟೂ ಕೆಟ್ಟದ್ದಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಜೇಬಿನೊಳಗಿನ ಮುಷ್ಟಿಯ ಮಾತನ್ನು ಸ್ವೀಡನ್ನಿನವರು ಹೊಗಳಿಕೆಯಾಗಿ ಆಡುವುದಿಲ್ಲ. ಎದ್ದು ನಿಂತು ಹೇಳಬೇಕಾದ್ದನ್ನು ಹೇಳದೆ ಉಳಿದವರ ಬಗ್ಗೆ ಆಡುತ್ತಾರೆ. ಅನ್ಯಾಯದ ಎದುರು ಸಿಟ್ಟು ಬರಬೇಕು. ಅದು ಮೇಲಕ್ಕೆ ಹೋಗಬೇಕು, ತಪ್ಪು ಮಾಡಿದವರ ಬಾಗಿಲಿಗೇ ಹೋಗಬೇಕು. ನ್ಯಾಯವಾದ ಕೋಪಕ್ಕೂ ಬರಿಯ ಸಿಡುಕಿಗೂ ನಡುವಿನ ವ್ಯತ್ಯಾಸ ಅದರ ಬಿಸಿಯಲ್ಲಿಲ್ಲ, ಅದು ಹರಿಯುವ ದಿಕ್ಕಿನಲ್ಲಿದೆ.

ಕೆಳಕ್ಕೆ ಹರಿಯುವ ಸಿಟ್ಟು ಕೊನೆಗೆ ತಲುಪುವುದು ಮಕ್ಕಳನ್ನು. ಅವರಿಗಿಂತ ಕೆಳಗೆ ಮನೆಯಲ್ಲಿ ಬೇರೆ ಯಾರೂ ಇಲ್ಲ. ಇದನ್ನು ಬಲು ಚೆನ್ನಾಗಿ ಅರಿತಿದ್ದವರು ಸ್ವೀಡನ್ನಿನ ಮಕ್ಕಳ ಸಾಹಿತಿ ಆಸ್ಟ್ರಿಡ್ ಲಿಂಡ್‌ಗ್ರೆನ್. 1963ರಿಂದ ಅವರು ಬರೆದ ಎಮಿಲ್ ಎಂಬ ತುಂಟ ಹುಡುಗನ ಕತೆಗಳಲ್ಲಿ ಅಪ್ಪ ಅಂಟೊನ್ ಮುಂಗೋಪಿ. ಅಪ್ಪನ ಅಬ್ಬರ ಕೇಳಿಸಿದೊಡನೆ ಹುಡುಗ ಬಡಗಿ ಕೆಲಸದ ಕೊಟ್ಟಿಗೆ ಸೇರುತ್ತಾನೆ. ಅಲ್ಲಿ ಕೂತು ಮರದ ಬೊಂಬೆ ಕೆತ್ತುತ್ತಾನೆ. ಓದುವ ಮಕ್ಕಳಿಗೆ ಅದು ನಗುವಿನ ಕತೆ. ದೊಡ್ಡವರಿಗೆ ಅದು ಕನ್ನಡಿ.

1978ರ ಅಕ್ಟೋಬರಿನಲ್ಲಿ ಜರ್ಮನಿಯ ಪುಸ್ತಕ ವ್ಯಾಪಾರಿಗಳ ಶಾಂತಿ ಪ್ರಶಸ್ತಿ ಸ್ವೀಕರಿಸಲು ಲಿಂಡ್‌ಗ್ರೆನ್ ಫ್ರಾಂಕ್‌ಫರ್ಟಿಗೆ ಹೋದರು. ಶಾಂತಿಯ ಮಾತನ್ನು ಅವರು ರಾಷ್ಟ್ರಗಳಿಂದ ಶುರು ಮಾಡದೆ ಮನೆಯಿಂದ ಶುರು ಮಾಡಿದರು. ವೃದ್ಧೆಯೊಬ್ಬರಿಂದ ಕೇಳಿದ ಪ್ರಸಂಗವನ್ನು ಸಭೆಗೆ ಹೇಳಿದರು. ಆಕೆ ತಾಯಿಯಾಗಿದ್ದ ಹೊಸತರಲ್ಲಿ, ತಪ್ಪು ಮಾಡಿದ ಮಗನಿಗೆ ಹೊಡೆಯಲು ಅವನನ್ನೇ ಬೆತ್ತ ತರಲು ಕಳಿಸಿದ್ದಳು. ಹುಡುಗ ಎಷ್ಟೋ ಹೊತ್ತಿನ ಮೇಲೆ ಅಳುತ್ತಾ ಬಂದ. ಬೆತ್ತ ಸಿಗಲಿಲ್ಲ, ಈ ಕಲ್ಲನ್ನೇ ನನ್ನ ಮೇಲೆ ಎಸೆ ಎಂದು ಕೈಯಲ್ಲಿದ್ದ ಕಲ್ಲನ್ನು ಮುಂದೆ ಹಿಡಿದ. ಅಮ್ಮನಿಗೆ ಬೇಕಾಗಿರುವುದು ನನಗೆ ನೋವು ಮಾಡುವುದು, ಅದಕ್ಕೆ ಕಲ್ಲಾದರೂ ಆದೀತು ಎಂದು ಮಗು ಅರ್ಥ ಮಾಡಿಕೊಂಡಿತ್ತು. ಆ ತಾಯಿ ಮಗನನ್ನು ಅಪ್ಪಿ ಅತ್ತಳು. ಕಲ್ಲನ್ನು ಅಡುಗೆಮನೆಯ ಹಲಗೆಯ ಮೇಲೆ ಇಟ್ಟುಕೊಂಡಳು, ಇನ್ನೆಂದೂ ಹೊಡೆಯುವುದಿಲ್ಲ ಎಂಬ ಮಾತಿನ ನೆನಪಿಗಾಗಿ. ಶಿಸ್ತು ಎಂದು ನಾವು ಕರೆಯುವುದು ಮಗುವಿನ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದನ್ನು ಇದಕ್ಕಿಂತ ನೇರವಾಗಿ ಹೇಳುವುದು ಕಷ್ಟ.

ಮರುವರ್ಷ, 1979ರ ಜುಲೈ 1ರಿಂದ, ಸ್ವೀಡನ್ನಿನಲ್ಲಿ ತಂದೆತಾಯಿ ಮಕ್ಕಳನ್ನು ಹೊಡೆಯುವುದನ್ನು ಕಾನೂನು ನಿಷೇಧಿಸಿತು. ಮನೆಯೊಳಗೂ ಹೊಡೆಯಕೂಡದು ಎಂದ ಮೊದಲ ದೇಶ ಅದು. ಶಾಲೆಯ ಬೆತ್ತ ಅಲ್ಲಿ 1958ರಲ್ಲೇ ಹೋಗಿತ್ತು. ಪ್ರೀತಿಸುವವನನ್ನೇ ದಂಡಿಸುತ್ತಾರೆ ಎಂಬ ಗಾದೆ ಅವರಲ್ಲೂ ಇತ್ತು, ನಮ್ಮಲ್ಲಿ ‘ದಂಡಂ ದಶಗುಣಂ’ ಇರುವ ಹಾಗೆ. ಹೊಸ ಕಾನೂನಿನ ಸುದ್ದಿಯನ್ನು ಹಾಲಿನ ಪೊಟ್ಟಣಗಳ ಮೇಲೆ ಅಚ್ಚು ಹಾಕಿಸಿದರು; ಅಪ್ಪ, ಅಮ್ಮ, ಮಕ್ಕಳು ಬೆಳಗಿನ ಊಟದ ಮೇಜಿನಲ್ಲಿ ಅದನ್ನು ಒಟ್ಟಿಗೆ ಓದಲಿ ಎಂದು. ಆ ಕಲಮಿಗೆ ಪ್ರತ್ಯೇಕ ಶಿಕ್ಷೆಯನ್ನೇ ಇಡಲಿಲ್ಲ. ಅಪ್ಪ ಅಮ್ಮಂದಿರನ್ನು ಜೈಲಿಗೆ ಕಳಿಸುವುದು ಅದರ ಗುರಿಯಾಗಿರಲಿಲ್ಲ. ಸಿಟ್ಟು ಬಂದರೂ ಕೈ ನಿಮ್ಮದೇ, ಅದನ್ನು ತಡೆಯುವುದು ನಿಮಗೆ ಸಾಧ್ಯ ಎಂದು ಒಂದು ದೇಶ ತನ್ನ ಪ್ರಜೆಗಳಲ್ಲಿ ನಂಬಿಕೆಯಿಟ್ಟು ಹೇಳಿದ ಮಾತು ಅದು. ಚಾವಣಿಗೆ ಹಾರುವ, ಬತ್ತಿ ಹೊತ್ತುವ ಮಾತುಗಳು ಆ ಭಾಷೆಯಲ್ಲಿ ಇವತ್ತಿಗೂ ಇವೆ. ಆದರೆ ಮಗುವನ್ನು ಹೊಡೆದವನ ಬಾಯಲ್ಲಿ ಅವು ಸಬೂಬಾಗಿ ಸಲ್ಲುವುದಿಲ್ಲ.

ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಶಾಲೆಯಲ್ಲಿ ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಮನೆಯ ಹೊಸಿಲು ದಾಟಿದ ಮೇಲಿನ ಹೊಣೆ ನಮ್ಮದೇ. ಅದಕ್ಕೆ ದೊಡ್ಡ ಸಾಧನೆ, ತಪಸ್ಸು ಬೇಕಾಗಿಲ್ಲ. ದನಿ ಏರುವ ಹೊತ್ತಿಗೆ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಇದೇ ತಪ್ಪನ್ನು ನನಗಿಂತ ಮೇಲಿನವರು ಮಾಡಿದ್ದರೆ ನಾನು ಹೀಗೆ ಮಾತಾಡುತ್ತಿದ್ದೆನೇ? ಇಲ್ಲ ಎಂಬ ಉತ್ತರ ಬಂದರೆ, ತಡೆಯುವ ಶಕ್ತಿ ನಮ್ಮಲ್ಲಿ ಇದೆ ಎಂದೇ ಅರ್ಥ. ಮೇಲಧಿಕಾರಿಗೆ ದಿನವೂ ಸಲ್ಲಿಸುವ ಆ ಸಂಯಮ ಮಕ್ಕಳಿಗೂ, ಮನೆಗೆಲಸದವರಿಗೂ, ನಮ್ಮನ್ನು ನಂಬಿಕೊಂಡ ಮುದುಕರಿಗೂ ಸಲ್ಲಬೇಕು. ತಡೆಯಲಾಗದೆ ಮಾತು ಮೀರಿದ ದಿನ ಅವರ ಬಳಿ ಹೋಗಿ ‘ತಪ್ಪಾಯಿತು’ ಎನ್ನುವಷ್ಟು ದೊಡ್ಡತನವೂ ಬೇಕು. ಒಬ್ಬ ಮನುಷ್ಯ ಎಷ್ಟು ಶಾಂತ ಎಂಬುದನ್ನು ಅವನಿಗೆ ಹೆದರಿ ಬದುಕುವವರನ್ನು ಕೇಳಿ ತಿಳಿಯಬೇಕೇ ಹೊರತು, ಅವನು ಹೆದರುವವರನ್ನು ಕೇಳಿ ಅಲ್ಲ.